ಒಂದೇ ಮೆಟ್ಟಿಲು, 212 ಮಕ್ಕಳು: ಶಾಲೆಯಲ್ಲಿ ಮಾಕ್ ಡ್ರಿಲ್ ಸರಿಯಾಗಿ ಮಾಡೋದು ಹೇಗೆ?

ಹಳ್ಳಿ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 8ನೇ ತರಗತಿ. ಮಕ್ಕಳು 212, ಶಿಕ್ಷಕರು 8, ಅಡುಗೆಯವರು 3. ಕೆಳಗೆ 5 ಕೋಣೆ, ಮಹಡಿಯಲ್ಲಿ 6, 7, 8ನೇ ತರಗತಿ, ಅಲ್ಲಿ 88 ಮಕ್ಕಳು. ಇಳಿಯಲು ಇರೋದು ಒಂದೇ ಮೆಟ್ಟಿಲು, ಅಗಲ 4 ಅಡಿ. ಅದರ ಬುಡದಲ್ಲಿ ಕಬ್ಬಿಣದ ಗ್ರಿಲ್ ಗೇಟು. ಬಿಸಿಯೂಟದ ಅಡುಗೆ ಕೋಣೆ ಕಟ್ಟಡಕ್ಕೆ ಅಂಟಿಕೊಂಡೇ ಇದೆ. ಬೆಂಕಿ ನಂದಿಸುವ ಸಿಲಿಂಡರ್ ಎರಡಿವೆ, ಎರಡೂ ಎಚ್‌ಎಂ (ಮುಖ್ಯ ಶಿಕ್ಷಕರ) ಕೋಣೆಯ ಬೀರು ಪಕ್ಕದಲ್ಲಿ.

ಈ ಸಲ ಮಾಕ್ ಡ್ರಿಲ್ (ಬೆಂಕಿಯಂಥ ಅಪಾಯದಲ್ಲಿ ಮಕ್ಕಳನ್ನು ಹೊರತರುವ ಅಣಕು ಅಭ್ಯಾಸ) ಮಾಡಿ ಫೋಟೋ ಕಳಿಸಿ ಎಂದಿದ್ದಾರೆ. ಫೋಟೋ ಏನೋ ಸಿಗುತ್ತೆ, ಆದರೆ ನಿಜವಾಗಿ ಉಪಯೋಗ ಆಗುವ ಹಾಗೆ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಸಾಮಾನ್ಯವಾಗಿ ಎಲ್ಲಿ ತಪ್ಪುತ್ತೆ?

ಕೆಂಪುಗಾಡಿ

ಮೇಷ್ಟ್ರೇ, ಡ್ರಿಲ್ ಆಮೇಲೆ. ಮೊದಲು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಏನಿದೆ ನೋಡಿ. ಹತ್ತು ಶಾಲೆಯಲ್ಲಿ ಏಳೆಂಟು ಕಡೆ ಅಲ್ಲಿ ಸಿಗೋದು ಇಷ್ಟೇ: ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆಯ ಕಟ್ಟು, ಸೌದೆ, ಅದರ ಮೇಲೆ ಗೋಡೆಯಲ್ಲಿ ಕರೆಂಟ್ ಮೀಟರ್ ಮತ್ತು ಫ್ಯೂಸ್ ಬೋರ್ಡು. ಇರುವ ಒಂದೇ ಮೆಟ್ಟಿಲ ಬುಡದಲ್ಲೇ ಕಿಡಿಯನ್ನೂ ಉರಿಯುವ ವಸ್ತುವನ್ನೂ ಒಟ್ಟಿಗೆ ಇಟ್ಟ ಹಾಗಾಯಿತು. ಹೊಗೆ ಮೇಲಕ್ಕೆ ಹೋಗುತ್ತೆ, ಮೆಟ್ಟಿಲ ಗೂಡು ಚಿಮಣಿಯಂತೆ ಕೆಲಸ ಮಾಡುತ್ತೆ. ಆ ಗೂಡು ಪೂರ್ತಿ ಖಾಲಿಯಾಗಬೇಕು. ಇದಕ್ಕೆ ಅನುದಾನ ಬೇಡ, ಒಂದು ಶನಿವಾರ ಸಾಕು. ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ 2004ರ ಜುಲೈ 16ರಂದು 94 ಮಕ್ಕಳು ಸತ್ತಿದ್ದು ನೆನಪಿರಬಹುದು. ಅಡುಗೆ ಮನೆಯ ಬೆಂಕಿ, ಹುಲ್ಲು ಚಾವಣಿ, ಇಕ್ಕಟ್ಟಾದ ದಾರಿ. ಅದಾದ ಮೇಲೆ ಸುಪ್ರೀಂ ಕೋರ್ಟ್ 2009ರಲ್ಲಿ ಎಲ್ಲ ಶಾಲೆಗಳಲ್ಲೂ ಬೆಂಕಿ ನಂದಿಸುವ ಉಪಕರಣ, ಸಿಬ್ಬಂದಿಗೆ ತರಬೇತಿ ಇರಲೇಬೇಕು ಎಂದಿತು. ಉಪಕರಣ ಬಂತು, ತರಬೇತಿ ಬಹಳ ಕಡೆ ಬರಲಿಲ್ಲ.

ಆ ಎರಡು ಸಿಲಿಂಡರ್ ಎಬಿಸಿ ಪುಡಿಯವು (ಕಟ್ಟಿಗೆ-ಕಾಗದ, ಪೆಟ್ರೋಲಿನಂಥ ದ್ರವ, ಗ್ಯಾಸ್ ಮೂರರ ಬೆಂಕಿಗೂ ಆಗುವವು) ಇರಬೇಕು, ಮೈಮೇಲೆ ಬರೆದಿರುತ್ತೆ. ಒಂದನ್ನು ಅಡುಗೆ ಕೋಣೆಯ ಬಾಗಿಲ ಹೊರಗೆ, ಇನ್ನೊಂದನ್ನು ಮಹಡಿಯಲ್ಲಿ ಮೆಟ್ಟಿಲ ತಲೆಯ ಹತ್ತಿರ ಗೋಡೆಗೆ ನೇತುಹಾಕಿ. ಒಲೆ ಪಕ್ಕದಲ್ಲಿ ಬೇಡ. ಬೆಂಕಿ ಹತ್ತಿದಾಗ ಅದನ್ನು ತರಲು ಬೆಂಕಿಯೊಳಗೇ ಕೈ ಹಾಕಬೇಕಾಗುತ್ತೆ. ಸಿಲಿಂಡರಿನ ತಲೆಯಲ್ಲಿ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಹಸಿರಿನಲ್ಲಿ ಇರಬೇಕು, ಪಿನ್ನು ಮತ್ತು ಸೀಲು ಇರಬೇಕು. ನಮ್ಮ ಕಡೆಯ ತೇವಕ್ಕೆ, ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗುತ್ತೆ. ಆಗ ಮುಳ್ಳು ಹಸಿರಿನಲ್ಲೇ ಇದ್ದರೂ ಒತ್ತಿದರೆ ಬರೀ ಗಾಳಿ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ, ಪುಡಿ ಸರ್ರನೆ ಜಾರುವುದು ಕೈಗೆ ತಿಳಿಯಬೇಕು.

ಬಳಸುವಾಗ 6–8 ಅಡಿ ದೂರ, ಬೆನ್ನ ಹಿಂದೆ ಬಾಗಿಲು ಇರಲಿ. ಪಿನ್ ಎಳೆದು, ನಳಿಕೆಯನ್ನು ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ ಅತ್ತಿತ್ತ ಬೀಸಬೇಕು. 6 ಕಿಲೋದ್ದು ಕೂಡ 10ರಿಂದ 20 ಸೆಕೆಂಡಿನಲ್ಲಿ ಖಾಲಿ. ಒಂದರಲ್ಲಿ ಆರಲಿಲ್ಲ ಅಂದ್ರೆ ಇನ್ನೊಂದು ಹುಡುಕಬೇಡಿ, ಹೊರಗೆ ಬನ್ನಿ, 112ಕ್ಕೆ ಇಲ್ಲವೇ 101ಕ್ಕೆ ಕರೆ ಮಾಡಿ. ಒಮ್ಮೆ ಒತ್ತಿ ಬಿಟ್ಟರೂ ಸಾಕು, ವಾಲ್ವಿನಲ್ಲಿ ಪುಡಿ ಸಿಕ್ಕಿ ಒತ್ತಡ ಸೋರಿಹೋಗುತ್ತೆ, ಮತ್ತೆ ತುಂಬಿಸಲೇಬೇಕು.

ಅಗ್ನಿಶಾಮಕ ಠಾಣೆಗೆ ಒಂದು ಪತ್ರ ಕೊಟ್ಟರೆ ಬಂದು ತೋರಿಸಿಕೊಡ್ತಾರೆ. ಅಗ್ನಿಶಾಮಕ ಸಪ್ತಾಹ ಏಪ್ರಿಲ್ 14ರಿಂದ 20, ಆಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ! ಜೂನ್‌ನಲ್ಲೇ ಕೇಳಿ.

ನಲಿಕಲಿ ಮೇಡಂ

ಡ್ರಿಲ್ ಕೆಡೋದು ಬೆಲ್ಲಿನಿಂದ ಸರ್. ಬಹಳ ಶಾಲೆಯಲ್ಲಿ "ತುರ್ತು ಇದ್ದರೆ ಲಾಂಗ್ ಬೆಲ್" ಅಂತ ಬರೆದಿಡ್ತಾರೆ. ಲಾಂಗ್ ಬೆಲ್ ಅಂದ್ರೆ ಮಕ್ಕಳಿಗೆ ಶಾಲೆ ಬಿಡ್ತು ಅಂತ ಅರ್ಥ! ಬ್ಯಾಗ್ ಏರಿಸಿಕೊಂಡು ಓಡ್ತಾರೆ, ಒಂದನೇ ಕ್ಲಾಸಿನವು ಅರ್ಧ ದಾರಿಯಲ್ಲಿ ಸಿಗ್ತವೆ. ಹಾಗಾಗಿ ಬೇರೆ ಗುರುತು ಬೇಕು: ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು, ಹೀಗೆ ನಿಲ್ಲಿಸದೆ. ಹೊಡೆಯೋದು ಕಬ್ಬಿಣದ ಗಂಟೆಯಲ್ಲಿ. ಎಲೆಕ್ಟ್ರಿಕ್ ಬೆಲ್ ಇದ್ದರೂ ನಂಬಬೇಡಿ, ಬೆಂಕಿ ಅಂದ ಕೂಡಲೇ ಮೊದಲು ಇಳಿಸೋದು ಮೇನ್ ಸ್ವಿಚ್ಚನ್ನೇ. ಮಹಡಿಗೆ ಕೇಳಿಸದಿದ್ದರೆ ಅಲ್ಲಿನ ಶಿಕ್ಷಕರ ಕೊರಳಲ್ಲಿ ಸೀಟಿ ಇರಲಿ.

88 ಮಕ್ಕಳು ಎರಡು ಸಾಲಲ್ಲಿ, ಸಾಲಿಗೆ ಸೆಕೆಂಡಿಗೆ ಒಂದು ಮಗು ಇಳಿದರೂ 44 ಸೆಕೆಂಡು. ಕೋಣೆಯಿಂದ ಮೆಟ್ಟಿಲವರೆಗಿನ ನಡಿಗೆ ಸೇರಿಸಿದರೆ ಎರಡು ನಿಮಿಷದ ಒಳಗೆ ಬರಬೇಕು. ಮೆಟ್ಟಿಲ ಹತ್ತಿರದ ಕೋಣೆ ಮೊದಲು, ದೂರದ್ದು ಕೊನೆಗೆ. ಒಂದು ಸಾಲಿನ ಕೈ ಗೋಡೆ ಮೇಲೆ, ಇನ್ನೊಂದರದ್ದು ಕಂಬಿ ಮೇಲೆ. ಬ್ಯಾಗ್ ಬೇಡ, ಚಪ್ಪಲಿ ಹುಡುಕೋದು ಬೇಡ. ಮಹಡಿ ಬಾಗಿಲ ಹೊರಗೆ ರಾಶಿ ಬಿದ್ದಿರುವ ಚಪ್ಪಲಿಗೇ ಎಡವಿ ಬೀಳೋದು ಜಾಸ್ತಿ, ಅದಕ್ಕೆ ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿ. ಶಿಕ್ಷಕರು ಕೊನೆಯಲ್ಲಿ, ಹಾಜರಿ ಪುಸ್ತಕ ಹಿಡಿದು, ಬಾಗಿಲು ಎಳೆದುಕೊಂಡು ಬರಬೇಕು. ಚಿಲಕ ಹಾಕಬಾರದು.

ಮೆಟ್ಟಿಲಲ್ಲೇ ಹೊಗೆ ಇದ್ದರೆ ಇಳಿಸಬೇಡಿ. ಕೋಣೆ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊರಗಿನವರಿಗೆ ಕಾಣುವ ಕಿಟಕಿ ಹತ್ತಿರ ಮಕ್ಕಳನ್ನು ಸೇರಿಸಿ. ಅದಕ್ಕಾಗಿ ಮಹಡಿಯಲ್ಲಿ ಒಂದು ಬಕೆಟ್ ನೀರು, ನಾಲ್ಕು ಹಳೇ ಟವೆಲ್ ಯಾವಾಗಲೂ ಇರಲಿ.

ಇನ್ನು ಲೆಕ್ಕ. ಡ್ರಿಲ್ ಅಂದ್ರೆ ಇದೇ, ಉಳಿದದ್ದೆಲ್ಲ ಇದಕ್ಕೆ ತಯಾರಿ. 212 ಅಂತ ಎಣಿಸಬಾರದು, ಆ ದಿನ ಬಂದವರೆಷ್ಟೋ ಅಷ್ಟು ಎಣಿಸಬೇಕು. ಬಿಸಿಯೂಟಕ್ಕೆ ಬೆಳಿಗ್ಗೆ ಬರೆಯುವ ಸಂಖ್ಯೆ ಇದ್ದೇ ಇರುತ್ತೆ. ಆದರೆ ಊಟ ಆದ ಮೇಲೆ ಮನೆಗೆ ಹೋದವರು, ಶೌಚಾಲಯಕ್ಕೆ ಹೋದವರು, ಸೀಮೆಸುಣ್ಣ ತರಲು ಹೋದ ಕ್ಲಾಸ್ ಲೀಡರ್, ಇವರೇ ತಪ್ಪಿಹೋಗೋದು. ಒಬ್ಬ ಶಿಕ್ಷಕರಿಗೆ ಶೌಚಾಲಯ ನೋಡುವ ಕೆಲಸ ಮಾತ್ರ ಕೊಡಿ. ಪ್ರತಿ ತರಗತಿಯಿಂದ ಎಚ್‌ಎಂಗೆ ಹೋಗಬೇಕಾದ್ದು ಒಂದೇ ಮಾತು, "ಏಳು, ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು". ಮುಂದಿನ ಡ್ರಿಲ್‌ನಲ್ಲಿ ಒಂದು ಮಗುವನ್ನು ಬೇಕೆಂದೇ ಲೈಬ್ರರಿಯಲ್ಲಿ ಒಬ್ಬ ಶಿಕ್ಷಕರ ಜೊತೆ ಕೂರಿಸಿ, ಲೆಕ್ಕದಲ್ಲಿ ಸಿಕ್ಕಿಬೀಳುತ್ತಾ ನೋಡಿ.

ಸೇರುವ ಜಾಗ ಕರೆಂಟ್ ತಂತಿಯ ಕೆಳಗೆ ಬೇಡ, ಅಗ್ನಿಶಾಮಕ ವಾಹನ ಒಳಗೆ ಬರುವ ಗೇಟಿನ ಎದುರಿಗೂ ಬೇಡ.

ಸೌಟು

ಅಡುಗೆ ಕೋಣೆ ಬಗ್ಗೆ ನಾಲ್ಕು ಮಾತು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತೆ. ಮೇಲಿನ ಕಿಟಕಿ ತೆರೆದಿಟ್ಟರೆ ಸಾಲದು, ನೆಲಮಟ್ಟದಲ್ಲಿ ಗೋಡೆಗೆ ತೂತು ಬೇಕು. ಸಿಲಿಂಡರ್ ಹೊರಗಡೆ ಜಾಲರಿ ಗೂಡಿನಲ್ಲಿದ್ದರೆ ಇನ್ನೂ ಒಳ್ಳೆಯದು. ರಬ್ಬರ್ ಪೈಪಿನ ಮೇಲೆ ದಿನಾಂಕ ಅಚ್ಚಾಗಿರುತ್ತೆ, 5 ವರ್ಷಕ್ಕೆ ಬದಲಿಸಬೇಕು. ಸಿಲಿಂಡರಿನ ಕತ್ತಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂದು ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತೆ. ಎ ಅಂದ್ರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅವಧಿ ಮುಗಿದದ್ದು ಬಂದರೆ ಇಳಿಸಿಕೊಳ್ಳಬೇಡಿ. ಸೋರಿಕೆ ನೋಡೋದು ಸೋಪಿನ ನೀರಿನಲ್ಲಿ, ಬೆಂಕಿಕಡ್ಡಿಯಲ್ಲಿ ಅಲ್ಲ. ಒಗ್ಗರಣೆ ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಿ, ನೀರು ಹಾಕಿದರೆ ಉರಿಯುವ ಎಣ್ಣೆ ಸಿಡಿದು ಕೋಣೆಯೆಲ್ಲ ಹರಡುತ್ತೆ.

ಆದರೆ ಬೆಂಕಿಗಿಂತ ಹೆಚ್ಚು ಆಗೋದು ಬಿಸಿ ಸಾಂಬಾರಿನ ಗಾಯ. ಡಬರಿ ಹೊತ್ತು ತರುವ ದಾರಿಯೂ ಮಕ್ಕಳು ತಟ್ಟೆ ತೊಳೆಯಲು ಓಡುವ ದಾರಿಯೂ ಒಂದೇ ಆಗಿರುತ್ತೆ. ಅವನ್ನು ಬೇರೆ ಮಾಡಿ. ಡಬರಿಯನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ. ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ, ಗಡಿಯಾರ ನೋಡಿಕೊಂಡು. ಐಸ್, ಶಾಯಿ, ಟೂತ್‌ಪೇಸ್ಟ್ ಯಾವುದೂ ಬೇಡ.

ಹಳ್ಳಿ ಮೇಷ್ಟ್ರು

ಮೆಟ್ಟಿಲ ಗೂಡು ನೀವು ಹೇಳಿದ ಹಾಗೇ ಇದೆ, ಬೆಂಚು, ಉತ್ತರ ಪತ್ರಿಕೆ, ಮೀಟರ್ ಬೋರ್ಡು. ಇನ್ನೆರಡು ಕೇಳ್ತೀನಿ. 7ನೇ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಹುಡುಗಿ ಇದ್ದಾಳೆ, ಈಗ ದಿನಾ ಎತ್ತಿಕೊಂಡು ಹತ್ತಿಸ್ತಾರೆ. ಮತ್ತೆ ಮಳೆಗಾಲದ್ದು ಏನು ಮಾಡಲಿ?

ನಲಿಕಲಿ ಮೇಡಂ

7ನೇ ತರಗತಿಯನ್ನು ಕೆಳಗೆ ತನ್ನಿ, 5ನೇದನ್ನು ಮೇಲೆ ಕಳಿಸಿ. ಅಷ್ಟೇ ಸರ್. ಹೇಗೆ ಎತ್ತಿ ಇಳಿಸೋದು ಅನ್ನುವ ಪ್ರಶ್ನೆಯೇ ಬರಬಾರದು.

ಕಾಲುಸಂಕ

ಮಳೆಗೆ ಬೆಳಿಗ್ಗೆಯೇ ರಜೆ ಕೊಡೋದು ಜಿಲ್ಲಾಡಳಿತದ ತೀರ್ಮಾನ. ಮಧ್ಯಾಹ್ನ ಎರಡೂವರೆಗೆ ಆಕಾಶ ಹರಿದ ಹಾಗೆ ಸುರಿದಾಗ ತೀರ್ಮಾನ ನಿಮ್ಮದು. ಆಗ ಸಾಮಾನ್ಯವಾಗಿ "ಬೇಗ ಮನೆ ಸೇರಲಿ" ಅಂತ ಬಿಟ್ಟುಬಿಡ್ತಾರೆ. ಅದೇ ತಪ್ಪು. ಸಣ್ಣ ಹಳ್ಳಗಳು ಏರೋದೂ ಬೇಗ, ಇಳಿಯೋದೂ ಬೇಗ. ಜೋರು ಮಳೆ ನಡುವೆ ಬಿಟ್ಟರೆ ಮಗು ಸಂಕದ (ಹಳ್ಳ ದಾಟುವ ಕಾಲುಸೇತುವೆ) ಹತ್ತಿರ ಬರುವ ಹೊತ್ತಿಗೆ ನೀರು ಏರಿಯೇ ಇರುತ್ತೆ. ಮೊಣಕಾಲು ಮಟ್ಟದ ಹರಿವು ಸಾಕು, ಚಿಕ್ಕ ಮಕ್ಕಳ ಕಾಲು ನಿಲ್ಲಲ್ಲ.

ಜೂನ್ ಮೊದಲ ವಾರದಲ್ಲೇ ಒಂದು ಪಟ್ಟಿ ಮಾಡಿ: ಯಾವ ಮಗು ಯಾವ ಸಂಕ ಅಥವಾ ಹಳ್ಳ ದಾಟುತ್ತೆ, ಆಚೆ ದಡದಲ್ಲಿ ಫೋನ್ ಎತ್ತುವವರು ಯಾರು. ತರಗತಿವಾರು ಅಲ್ಲ, ದಾರಿವಾರು. ಆಚೆ ದಡದಿಂದ "ಸಂಕ ಕಾಣ್ತಿದೆ, ನಾವು ಬಂದು ನಿಂತಿದ್ದೀವಿ" ಅಂದ ಮೇಲೇ ಆ ದಾರಿಯ ಮಕ್ಕಳನ್ನು ಬಿಡಿ. ಪಟ್ಟಿ ಕಾಗದದಲ್ಲಿ, ಲ್ಯಾಮಿನೇಷನ್ ಮಾಡಿಸಿ. ಮಳೆಗೆ ಕರೆಂಟ್ ಹೋದ ದಿನ ಮೊಬೈಲೂ ಸತ್ತಿರುತ್ತೆ. ತಡವಾಗಿ ಉಳಿಯುವವರಿಗೆ ಅವಲಕ್ಕಿ, ಬೆಲ್ಲ, ಕುಡಿಯುವ ನೀರು, ಎರಡು ಟಾರ್ಚು. ಜಿಲ್ಲಾ ನಿಯಂತ್ರಣ ಕೊಠಡಿ 1077.

ಗುಡುಗು ಕಿವಿಗೆ ಬಿತ್ತೆಂದರೆ ಮೈದಾನ ಖಾಲಿ. ಕೊನೆಯ ಗುಡುಗಿನಿಂದ 30 ನಿಮಿಷ ಆಗುವ ತನಕ ಹೊರಗೆ ಬಿಡಬೇಡಿ. ಜಗಲಿಯಲ್ಲಿ ನಿಂತರೆ ಒಳಗಿದ್ದ ಹಾಗಲ್ಲ, ಕಬ್ಬಿಣದ ಕಂಬ, ಕಿಟಕಿ ಸರಳು ಮುಟ್ಟಿಕೊಂಡಿರುತ್ತಾರೆ. ಕೋಣೆಯೊಳಗೇ ಕೂರಿಸಿ.

ಬಯಲುಸೀಮೆ

ಒಂದು ಸೇರಿಸ್ತೀನಿ. ಭೂಕಂಪಕ್ಕೂ ಬೆಂಕಿಗೂ ಒಂದೇ ಡ್ರಿಲ್ ಮಾಡಬೇಡಿ. ನಮ್ಮ ಕಲಬುರಗಿ, ವಿಜಯಪುರ ಕಡೆ 2021ರಲ್ಲಿ ಸಣ್ಣ ಕಂಪನಗಳು ಆದಾಗ ಈ ಗೊಂದಲ ಎಲ್ಲ ಕಡೆ ಇತ್ತು. ನೆಲ ಅಲುಗುವಾಗ ಓಡಬಾರದು, ಮೆಟ್ಟಿಲಲ್ಲಂತೂ ಬೇಡವೇ ಬೇಡ. ಡೆಸ್ಕಿನ ಕೆಳಗೆ ತಲೆ, ಕೈಯಲ್ಲಿ ಡೆಸ್ಕಿನ ಕಾಲು. ಅಲುಗಾಟ ನಿಂತ ಮೇಲೆ ಹೊರಗೆ, ಕಾಂಪೌಂಡ್ ಗೋಡೆಯಿಂದ ದೂರ. ಬೀರುಗಳನ್ನು ಗೋಡೆಗೆ ಎಲ್ ಪಟ್ಟಿಯಿಂದ ಬಿಗಿಯಿರಿ.

ಹಳ್ಳಿ ಮೇಷ್ಟ್ರು

ಗ್ರಿಲ್ ಗೇಟಿನ ವಿಷಯ ಉಳಿಯಿತು. ಮಕ್ಕಳು ಓಡಾಡ್ತಾರೆ, ಹೊರಗಿನವರು ಬರ್ತಾರೆ ಅಂತ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಶಾಲೆ ಹೊತ್ತಿನಲ್ಲಿ ಬೀಗ ಹಾಕಿಸ್ತಾರೆ. ಕೀಲಿ ಕೈ ಎಚ್‌ಎಂ ಹತ್ತಿರ ಇರುತ್ತೆ ಅನ್ನೋದು ಅವರ ವಾದ.

ಕೆಂಪುಗಾಡಿ

ಎಚ್‌ಎಂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೀಟಿಂಗ್‌ಗೆ ಹೋದ ದಿನ? ಹೊರಗಿನವರನ್ನು ತಡೆಯೋದು ಕಾಂಪೌಂಡ್ ಗೇಟಿನಲ್ಲಿ, ಮೆಟ್ಟಿಲಲ್ಲಿ ಅಲ್ಲ. ಬೆಳಿಗ್ಗೆ ಗೇಟು ಪೂರ್ತಿ ಸರಿಸಿ, ತೆರೆದ ಸ್ಥಿತಿಯಲ್ಲೇ ಸರಪಳಿಯಿಂದ ಗೋಡೆಯ ಕೊಂಡಿಗೆ ಕಟ್ಟಿ, ಆ ಬೀಗವನ್ನು ಅಲ್ಲಿಗೇ ಹಾಕಿಬಿಡಿ. ಯಾರಾದರೂ ಅಭ್ಯಾಸಬಲದಿಂದ ಎಳೆದರೂ ಮುಚ್ಚಲ್ಲ. ಸಂಜೆ ಎಲ್ಲರೂ ಇಳಿದ ಮೇಲೆ, ಮಹಡಿಯ ಮೂರೂ ಕೋಣೆ ನೋಡಿ ಬಂದವರೇ ಬೀಗ ತೆಗೆದು ಗೇಟಿಗೆ ಹಾಕಲಿ.