ಕಿವಿಗೆ ಬೂಚು

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಚಹಾದಂಗಡಿ. ಮೂರು ಚಹಾ, ಎರಡು ಪ್ಲೇಟ್ ಮಿರ್ಚಿ, ನಡುವೆ ಕಿತ್ತಳೆ ಬಣ್ಣದ ಎರಡು ಸ್ಪಂಜಿನ ಬೂಚು. ಬೈಕ್ ಓಡಸೂಮುಂದ ಕಿವಿಗೆ ಹಾಕ್ಕೊ ಅಂತ ಶಂಕ್ರಣ್ಣ ತಂದದ್ದು. ಬಸ್ಯಾ ಒಂದನ್ನ ಹಿಂಡಿ ನೋಡಿದ, ಮೂಸಿ ನೋಡಿದ, ತಿನ್ನೂದಲ್ಲ ಅಂತ ಖಾತ್ರಿ ಮಾಡಿಕೊಂಡು ಕೆಳಗಿಟ್ಟ.

"ಮುಂದ ಕಿವ್ಡಾಗಬಾರದು ಅಂತ ಈಗಿಂದನ ಕಿವ್ಡಾಗಿ ಕುಂದರೂದಾ? ಇದ್ಯಾವ ಶಾಸ್ತ್ರ ಶಂಕ್ರಣ್ಣ?"

"ಗಾಳಿ ಶಾಸ್ತ್ರ. ಗಾಡಿ 60 ದಾಟಿತು ಅಂದ್ರ ಇಂಜಿನ್ ಸಪ್ಪಳ ಹಿಂದ ಬೀಳತೈತಿ, ಗಾಳೀನ ಯಜಮಾನ. 100ರಾಗ ಹೊಂಟ್ರ ಹೆಲ್ಮೆಟ್ ಒಳಗ ಹೆಚ್ಚುಕಡಿಮಿ 100 ಡೆಸಿಬಲ್. ಡೆಸಿಬಲ್ ಅಂದ್ರ ಸಪ್ಪಳದ ಅಳತಿ."

"ಹೆಲ್ಮೆಟ್ ಹಾಕಿರ್ತೀನಲ್ಲ! ನಂದು ಭಾರೀ ದಪ್ಪ ಐತಿ."

"ನಿನ್ನ ತೆಲಿನೂ ದಪ್ಪನ ಐತಿ, ಏನ್ ಉಪಯೋಗ?" ಅಂದ ಮೌಲಾಭೈ. ಗಾಡಿ ಬಿಚ್ಚೂ ಮನಷ್ಯಾ, ಮಾತೂ ಹಂಗ. "ಗಾಳಿ ಹೊಡಿಯೂದು ಮ್ಯಾಲಲ್ಲ, ಕೆಳಗ. ಗದ್ದದ ಬುಡಕ, ಕುತಗಿ ಹತ್ರ ಸುತ್ತಿ ಸುತ್ತಿ ಗುಡುಗತೈತಿ. ಅದಕ್ಕ ಹೆಲ್ಮೆಟ್ ಅಂದ್ರ ತೆಲಿ ಮ್ಯಾಲಿನ ಗೋಳಗುಮ್ಮಟ. ಅಲ್ಲಿ ಒಂದ ಕೂಗು ಏಳ ಸಲ ಕೇಳಸ್ತೈತಿ, ಇಲ್ಲಿ ನಿಲ್ಲೂದ ಇಲ್ಲ."

"ಗಾಡಿ ಮುಂದಿನ ವೈಸರ್ ಗ್ಲಾಸ್ ಎತ್ತರದ್ದು ಹಾಕಿಸಿದ್ರ?"

"ಅದರ ಅಂಚಿನಿಂದ ಕಿತ್ತ ಗಾಳಿ ಸೀದಾ ನಿನ್ನ ಗದ್ದಕ್ಕ ಬಡದ್ರ ಮೊದಲಿಗಿಂತ ಹೆಚ್ಚ ಸಪ್ಪಳ. ಖಾಲಿ ರಸ್ತಾದಾಗ ಫುಟ್‌ರೆಸ್ಟ್ ಮ್ಯಾಲ ಕಾಲೂರಿ ಒಂದೀಟ ಎದ್ದು ನೋಡು. ಸಪ್ಪಳ ಕಡಿಮಿ ಆತಂದ್ರ ಗ್ಲಾಸಿನ ತಪ್ಪು, ಹೆಲ್ಮೆಟ್ಟಿಂದಲ್ಲ. ಕುತಗಿಗೆ ಟವಲ್ ಸುತ್ತಿ ಹೆಲ್ಮೆಟ್ಟಿನ ಬುಡಾ ಮುಚ್ಚಿದ್ರೂ ಸ್ವಲ್ಪ ಇಳೀತೈತಿ. ಪೂರಾ ಅಲ್ಲ."

ಶಂಕ್ರಣ್ಣ ಬೆರಳು ಮಡಚಾಕ ಸುರು ಮಾಡಿದ. "ಲೆಕ್ಕ ಕೇಳು. ಅಮೆರಿಕದಾಗ ಕೆಲಸಗಾರರ ಆರೋಗ್ಯ ನೋಡೂ ನಯೋಶ್ ಸಂಸ್ಥೆಯವ್ರು 85 ಡೆಸಿಬಲ್‌ದಾಗ ದಿನಕ್ಕ 8 ತಾಸು ಇರಬಹುದು ಅಂತಾರ. ಪ್ರತಿ 3 ಡೆಸಿಬಲ್ ಏರಿದ್ರ ಹೊತ್ತು ಅರ್ಧಾ. 88ಕ್ಕ 4 ತಾಸು, 91ಕ್ಕ 2, 94ಕ್ಕ ಒಂದ, 97ಕ್ಕ ಅರ್ಧ ತಾಸು, 100ಕ್ಕ ಬರೇ 15 ನಿಮಿಷ. ಸೊಲ್ಲಾಪುರ ರಸ್ತಾ ಹಿಡದ್ರ ಹೊರ್ತಿ ಊರು ಬರೂದ್ರೊಳಗ ನಿನ್ನ ದಿನದ ರೇಶನ್ ಮುಗದಿರ್ತೈತಿ."

"ಬೂಚ ಹಾಕಿದ್ರ?"

"ಡಬ್ಬಿ ಮ್ಯಾಲ ಎನ್‌ಆರ್‌ಆರ್ 33 ಅಂತ ಬರದಿರ್ತಾರ, ಎಷ್ಟ ಡೆಸಿಬಲ್ ಇಳಸ್ತೈತಿ ಅನ್ನೂ ಅಂಕಿ. ಅದು ಪ್ರಯೋಗಶಾಲಿ ಮಾತು, ಅರ್ಧ ಸಿಕ್ಕ್ರ ಪುಣ್ಯ. 15 ಡೆಸಿಬಲ್ ಇಳೀತು ಅಂತ ಹಿಡಿ, ಅಂದ್ರ ಐದು ಸಲ 3. 15 ನಿಮಿಷಾನ ಐದು ಸಲ ದುಪ್ಪಟ್ಟ ಮಾಡು."

ಬಸ್ಯಾ ಮೇಜಿನ ಮ್ಯಾಲ ಚಹಾದ ಹನಿಯಾಗ ಬೆರಳಿಟ್ಟು ಬರದ. 30, 60, 120, 240, 480. "ಅಬಾಬಾ, 8 ತಾಸು!"

ಒಂದೀಟ ತಡದು ಅವನ ಅಂದ, "ನಾ ಅರಳಿ ತುರುಕ್ಯೋತೀನಿ, ಪುಕ್ಕಟ ಆಕ್ಕೈತಿ."

"ಅರಳಿ ಅತ್ತರಿಗೆ ಚಲೋ," ಅಂದ ಮೌಲಾಭೈ. "ಎಳಿ ನಡುವ ಸಪ್ಪಳ ಸಲೀಸ ಹಾಯ್ತೈತಿ. ಇಯರ್‌ಫೋನ್ ಅಂತೂ ಹೇಳಬ್ಯಾಡ. ಗಾಳಿ ಮೀರಿ ಕೇಳಬೇಕಂತ ಹಾಡಿನ ಆವಾಜ್ ಏರಸ್ತಿ, ಎರಡೂ ಕೂಡಿ ಕಿವಿ ಹೊಡೀತಾವ."

"ಮತ್ತ ಹಿಂದಿನ ಲಾರಿ ಹಾರ್ನ್?"

ಎಲ್ಲಾರೂ ಕೇಳೂ ಪ್ರಶ್ನಿ ಇದು, ಶಂಕ್ರಣ್ಣ ಕಾಯ್ತಾನ ಇದ್ದ. "ಬೂಚು ಗಾಳೀನೂ ಇಳಸ್ತೈತಿ, ಹಾರ್ನೂ ಇಳಸ್ತೈತಿ. ಹಾರ್ನು ಗಾಳಿಗಿಂತ ಎಷ್ಟ ಎತ್ತರ ಇತ್ತೋ ಹೆಚ್ಚುಕಡಿಮಿ ಅಷ್ಟ ಉಳೀತೈತಿ, ಕಿವಿಗೆ ಮಾತ್ರ ಹೊಡತ ಕಡಿಮಿ. ಊರಾಗ ಬೇಕಾಗಿಲ್ಲ, ಅಲ್ಲಿ ಕಿವಿ ತೆರದಿರಲಿ. ಊರು ಹೊಲಾ ಎರಡಕ್ಕೂ ಬೇಕಂದ್ರ ಫಿಲ್ಟರ್ ಇದ್ದ ಸಿಲಿಕಾನಿಂದು ತಗೊ, ಮಾತು ಸ್ವಚ್ಛ ಕೇಳಸ್ತೈತಿ."

"ಕಿವಿ ಹೋದ್ರ ಗೊತ್ತಾಗಂಗಿಲ್ಲೇನ? ಆಗ ಹಾಕ್ಯೊಂಡ್ರಾತು."

"ಒಳಗಿವಿಯಾಗ ಕೂದಲಿನಂಥಾ ಜೀವಕೋಶ ಅದಾವಪಾ. ಬಿಳಿಜ್ವಾಳ ಗಾಳಿಗೆ ಬಾಗಿ ಏಳತೈತಲ್ಲ, ಹಂಗ. ಬುಡಕ್ಕ ಮುರದದ್ದು ಏಳಂಗಿಲ್ಲ. ಜ್ವಾಳ ಮುಂದಿನ ಹಿಂಗಾರಿಗೆ ಬಿತ್ತಬಹುದು, ಇದನ್ನ ಬಿತ್ತಾಕ ಬರಂಗಿಲ್ಲ. ಮೊದಲ ಹೋಗೂದು 4000 ಹರ್ಟ್ಸ್ ಸುತ್ತಿನ ಕೀರಲು ಸಪ್ಪಳ. ಸ, ಶ, ತ, ಕ ಮಸಕಾಗತಾವ. ಸಾಲ ಅಂದ್ರ ಕಾಲ ಅಂತ ಕೇಳಸ್ತೈತಿ."

"ಅದು ಸಾಲ ತಗೊಂಡವಗ ಅನುಕೂಲನ ಆತಲ್ಲ," ಅಂತ ಬಸ್ಯಾ ಮಿರ್ಚಿಗೆ ಕೈ ಹಾಕಿದ.

ಶಂಕ್ರಣ್ಣ ಕೈ ಹಿಡದ. "ಏ, ಖಾರದ ಎಣ್ಣಿ ಕೈಲೆ ಕಿವಿ ಮುಟ್ತಿ? ಮೊದಲ ಬೂಚು, ಆಮ್ಯಾಲ ಮಿರ್ಚಿ. ಕಿವಿ ಸೋರತೈತೇನು? ತಮಟಿಗೆ ತೂತು? ಇಲ್ಲಲ್ಲ, ಇದ್ರ ಹಾಕಬಾರದು. ಕೈ ತೊಳಕೊ. ಹಾ, ಈಗ ಬೂಚನ್ನ ದೀಪದ ಬತ್ತಿ ಹೊಸದಂಗ ಹೊಸಿ. ಬರೇ ಹಿಂಡಿದ್ರ ಸುಕ್ಕು ಬೀಳತೈತಿ, ಸುಕ್ಕಿನ ಸಂದಿಯಾಗ ಸಪ್ಪಳ ಒಳಗ ಬರತೈತಿ. ಮೊದಲ ಸಾವಕಾಶ, ಆಮ್ಯಾಲ ಬಿಗಿ."

ಕಡ್ಡಿಯಷ್ಟು ತೆಳ್ಳಗಾತು.

"ಎಡಗೈ ತೆಲಿ ಮ್ಯಾಲಿಂದ ತಂದು ಬಲಗಿವಿ ಹಿಡಿ. ಮ್ಯಾಲಕ್ಕ, ಹಿಂದಕ್ಕ ಎಳಿ. ಸಾಲಿಯಾಗ ಮಾಸ್ತರ್ ಎಳದಂಗ. ಕಿವಿ ನಾಳ ಡೊಂಕ ಐತಿ, ಎಳದ್ರ ನೆಟ್ಟಗ ಆಕ್ಕೈತಿ. ಈಗ ಬಲಗೈಲೆ ತೂರಸು. ಬೆರಳ ತುದಿ ಒತ್ತಿ ಹಿಡಿ, 30 ಎಣಸು. ಬಿಟ್ಟಿ ಅಂದ್ರ ಉಬ್ಬಿ ಹೊರಗ ಬರತೈತಿ, ಹೆಲ್ಮೆಟ್ ಏರಸೂಮುಂದ ಅಸ್ತರಿಗೆ ಸಿಕ್ಕು ಉದುರತೈತಿ."

ಬಸ್ಯಾನ ಒಂದ ಕೈ ತೆಲಿ ಮ್ಯಾಲ, ಇನ್ನೊಂದ ಕಿವಿಯಾಗ. "ಒಂದು... ಎರಡು..." ಮೌಲಾಭೈ ಅವನ ಪ್ಲೇಟಿನಿಂದ ಒಂದು ಮಿರ್ಚಿ ಎತ್ತಿದ.

"ಏ ಮೌಲಾಭೈ! ಏಳು... ಎಂಟು..."

"ಕೈ ತೆಗೀಬ್ಯಾಡ, ಸೋರತೈತಿ," ಅಂದು ಶಂಕ್ರಣ್ಣನೂ ಒಂದು ಎತ್ತಿದ. "ತೆಗೆಯೂಮುಂದ ಗಪ್ಪನ ಜಗ್ಗಬ್ಯಾಡ, ಗಾಳಿ ಎಳತಕ್ಕ ತಮಟಿಗೆ ನೋವಾಕ್ಕೈತಿ. ತಿರುವಿ, ಸಾವಕಾಶ ತೆಗಿ. ಸ್ಪಂಜಿಂದು ತೊಳೀಬ್ಯಾಡ, ಉಬ್ಬೂ ಗುಣ ಹೋಗತೈತಿ. ಹೊಲಸಾತು, ಗಟ್ಟಿಯಾತು ಅಂದ್ರ ಒಗದುಬಿಡು. ಸಿಲಿಕಾನಿಂದು ಸಾಬೂನು ನೀರಾಗ ತೊಳಕೊ."

"...ಇಪ್ಪತ್ತೊಂಬತ್ತು, ಮೂವತ್ತು!" ಕೈ ಬಿಟ್ಟ. "ಅಯ್ಯ, ನನ್ನ ಮಾತು ನನಗ ಗುಮ್ಮಟದೊಳಗಿಂದ ಬಂದಂಗ ಕೇಳಸ್ತೈತಲ್ಲ!"

"ಹಂಗ ಕೇಳಿತಂದ್ರ ಸರಿ ಕುಂತೈತಿ. ಅಂಗೈಲೆ ಕಿವಿ ಮುಚ್ಚಿ ತೆಗದು ನೋಡು. ಸಪ್ಪಳದಾಗ ಭಾಳ ಫರಕ ಇಲ್ಲಂದ್ರ ಪಾಸ್."

ಬಸ್ಯಾ ಪ್ಲೇಟ್ ನೋಡಿದ. ಬರೇ ಉಳ್ಳಾಗಡ್ಡಿ ಇತ್ತು.

"ಎಡಗಿವಿ ಇನ್ನೂ ಉಳದೈತಿ," ಅಂದ ಮೌಲಾಭೈ, ಬಾಯಿ ಒರಸ್ಕೊಂತ. "ಇನ್ನೊಂದ ಪ್ಲೇಟ್ ಹೇಳು."