ಬಿಡದೆ ಚುಚ್ಚಿಕೊಳ್ಳುವ ಪೇಷಂಟ್‌ನ ಎಷ್ಟು ಸಲ ಅಡ್ಮಿಟ್ ಮಾಡಬೇಕು?

ಹೌಸ್‌ಸರ್ಜನ್, ದಾವಣಗೆರೆ:
ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗ, ಇದು ಮೂರನೇ ಸಲ. ನೋವಿನ ಮಾತ್ರೆ ಪುಡಿ ಮಾಡಿ, ನೀರಿಗೆ ಹಾಕಿ ಸಿರಿಂಜಿನಲ್ಲಿ ಚುಚ್ಚಿಕೊಳ್ಳುತ್ತಾನೆ. ಮೊಣಕೈ ಒಳಗಡೆ ನಿಂಬೆಹಣ್ಣಿನಷ್ಟು ಕೀವುಗಡ್ಡೆ. ಕುಯ್ದು, ಕೀವು ತೆಗೆದು, ಆಂಟಿಬಯಾಟಿಕ್ ಶುರು ಮಾಡಿದರೆ ಮರುದಿನ ಸಂಜೆ ಕೈಯಲ್ಲಿರುವ ಕ್ಯಾನುಲಾ (ಔಷಧ ಕೊಡಲು ನರಕ್ಕೆ ಹಾಕಿದ ನಳಿಕೆ) ಸಮೇತ ನಾಪತ್ತೆ! "ಬಿಟ್ಟ ಮೇಲೆ ಬಾ ಅಂತ ಹೇಳಿ ಕಳಿಸು, ಸುಮ್ನೆ ಬೆಡ್ ಹಾಳು" ಅನ್ನುತ್ತಾರೆ ಸೀನಿಯರ್. ವಾರ್ಡಿನಲ್ಲಿ ನೆಲದ ಮೇಲೆ ಮಲಗಿದವರನ್ನು ನೋಡಿದರೆ ಅವರ ಮಾತೂ ಸರಿ ಅನ್ನಿಸುತ್ತದೆ. ಇವನು ಬೇರೆ "ಅಪ್ಪನಿಗೆ ಹೇಳಬೇಡಿ ಸಾರ್" ಅಂತ ಕೈ ಮುಗಿಯುತ್ತಾನೆ. ಏನು ಮಾಡಲಿ?

ಮೆಡಿಕಲ್ ಶಾಪ್, ಪಿ.ಬಿ. ರಸ್ತೆ:
ಚೀಟಿ ಇಲ್ಲದೆ ಮಾತ್ರೆ ಕೇಳಿ ಜಗಳಕ್ಕೆ ಬರುವವರನ್ನು ದಿನಾ ನೋಡುತ್ತೇನೆ ಡಾಕ್ಟ್ರೇ. ಕೊಡುವ ಅಂಗಡಿಗಳೂ ಇವೆ, ಅದು ನಮ್ಮವರದೇ ತಪ್ಪು. ಆದ್ರೂ ಮೂರು ಸಲ ಜಾಸ್ತಿ ಆಯ್ತು ಅಲ್ವಾ?

ಸೈಕಿಯಾಟ್ರಿ ಪಿಜಿ (ಮನೋವೈದ್ಯ ವಿಭಾಗದ ಕಿರಿಯ ಡಾಕ್ಟರ್):
ಸಂಜೆಗೇ ಯಾಕೆ ಓಡುತ್ತಾನೆ ಅಂತ ನೋಡಿದ್ರಾ? ಆಕಳಿಕೆ, ಮೂಗು ಸೋರುವುದು, ಮೈ ಮೇಲೆ ಮುಳ್ಳು ಏಳುವುದು, ಕಾಲು ಸೆಳೆತ ಇದೆಯಾ ನೋಡಿ. ಅದು ಕೊಬ್ಬಲ್ಲ, ಅಮಲು ಇಳಿಯುವಾಗಿನ ಸಂಕಟ. ಗಡ್ಡೆಗೆ ಔಷಧ ಕೊಟ್ಟು ಇದಕ್ಕೆ ಏನೂ ಕೊಡದಿದ್ದರೆ ಅವನು ಉಳಿಯುವುದಾದರೂ ಹೇಗೆ? ಈ ಸಂಕಟ ತಗ್ಗಿಸಲು ನಾಲಗೆ ಕೆಳಗಿಡುವ ಬ್ಯುಪ್ರಿನಾರ್ಫಿನ್ ಮಾತ್ರೆ ಇದೆ. ಆದರೆ ಸಂಕಟ ಶುರುವಾದ ಮೇಲೇ ಕೊಡಬೇಕು, ಮೊದಲೇ ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತದೆ. ನಮ್ಮವರನ್ನು ಕರೆಸಿ. ಎಚ್‌ಐವಿ, ಹೆಪಟೈಟಿಸ್ ಸಿ ಟೆಸ್ಟ್ ಮಾಡಿಸಿ. ಸಿ ಇದ್ದರೆ ಸಾಮಾನ್ಯವಾಗಿ 12 ವಾರದ ಮಾತ್ರೆ, 2018ರಲ್ಲಿ ಬಂದ ಸರ್ಕಾರಿ ಕಾರ್ಯಕ್ರಮದಲ್ಲಿ ಅದು ಉಚಿತ. ಅಪ್ಪನ ವಿಷಯ ಅಂದರೆ, ಹುಡುಗ ವಯಸ್ಕ ತಾನೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಕಾಯಿಲೆಯೂ ಸೇರುತ್ತದೆ, ಗುಟ್ಟು ಕಾಯುವ ಹಕ್ಕೂ ಅದರಲ್ಲೇ ಇದೆ. ಅವನು ಒಪ್ಪಿದರೆ ಮಾತ್ರ ಹೇಳಿ.

ಚಿತ್ರದುರ್ಗದ ಅಕ್ಕ:
ನನ್ನ ತಮ್ಮನಿಗೂ ಒಂದು ಕಡೆ "ಬಿಟ್ಟ ಮೇಲೆ ಬಾ" ಅಂದಿದ್ದರು. ಅವನು ಬಿಡಲಿಲ್ಲ, ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ. ಆಮೇಲೆ ಚಳಿಜ್ವರ ಅಂತ ಕರೆದುಕೊಂಡು ಹೋದಾಗ ಸೋಂಕು ಹೃದಯದ ಕವಾಟಕ್ಕೇ ಹೋಗಿತ್ತು. ಆರು ವಾರ ಬೆಡ್ ಮೇಲೆ, ದಿನಾ ಇಂಜೆಕ್ಷನ್. ಬೆಡ್ ಲೆಕ್ಕ ಹಾಕುವ ನಿಮ್ಮ ಸೀನಿಯರ್‌ಗೆ ಇದನ್ನೂ ಹೇಳಿ.

ಹೌಸ್‌ಸರ್ಜನ್, ದಾವಣಗೆರೆ:
ಇವತ್ತು ಸಂಜೆ 5ಕ್ಕೆ ಹೋಗಿ ನೋಡಿದೆ. ಒಂದೇ ಸಮನೆ ಆಕಳಿಸುತ್ತಿದ್ದ, ಕಂಬಳಿ ಹೊದ್ದು ಚಪ್ಪಲಿ ಹಾಕಿಕೊಂಡೇ ಕೂತಿದ್ದ. ಸೈಕಿಯಾಟ್ರಿಗೆ ಫೋನ್ ಮಾಡಿದ್ದೇನೆ. ಸೀನಿಯರ್‌ಗೆ ಇನ್ನೂ ಹೇಳಿಲ್ಲ.