ಬೀಫ್ ಸ್ಟ್ರೊಗನಾಫ್ ಎರಡು ಸಲ ಕೆಟ್ಟಿತು, ಮಾಡಿದವರು ಯಾರಾದರೂ ಹೇಳಿ

ಡಾರ್ಟ್‌ಮುಂಡ್‌ಗೆ ಓದಲು ಬಂದು ಎಂಟು ತಿಂಗಳಾಯಿತು. ಊರು ಮಂಗಳೂರು ಕಡೆ. ಬೀಫ್ ಅಂದರೆ ಅಮ್ಮ ಮಾಡುವ ಸುಕ್ಕ, ಕುಕ್ಕರಿಗೆ ಹಾಕಿ ಸೀಟಿ ಎಣಿಸುವುದು, ನನಗೆ ಗೊತ್ತಿರುವುದು ಅಷ್ಟೇ. ಬರುವ ಶನಿವಾರ ಕ್ಲಾಸಿನ ಮೂವರನ್ನು ಊಟಕ್ಕೆ ಕರೆದುಬಿಟ್ಟಿದ್ದೇನೆ. ಸ್ಟ್ರೊಗನಾಫ್, ಅಂದರೆ ಬೀಫ್ ತುಂಡುಗಳನ್ನು ಸಾವರ್ ಕ್ರೀಮ್ (ಹುಳಿ ಕೆನೆ) ಸಾಸಿನಲ್ಲಿ ಹಾಕುವ ರಷ್ಯಾದ ಅಡುಗೆ, ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಮಾಂಸ ಚಪ್ಪಲಿ ಅಗಿದ ಹಾಗಿತ್ತು. ಎರಡನೇ ಸಲ ಮಾಂಸದ ಜೊತೆಗೆ ಸಾಸೂ ಕೈಕೊಟ್ಟಿತು, ಹಾಲು ಒಡೆದಂತೆ ಕಾಳುಕಾಳು. ಹಾಕಿದ್ದು ಗುಲಾಶ್‌ಗೆ (ನಿಧಾನವಾಗಿ ಬೇಯಿಸುವ ಮಾಂಸದ ಗಟ್ಟಿ ಸಾರು) ಅಂತ ಕತ್ತರಿಸಿಟ್ಟ ಮಾಂಸ, ಈರುಳ್ಳಿ, 250 ಗ್ರಾಂ ಅಣಬೆ, ಒಂದು ಡಬ್ಬಿ ಸಾವರ್ ಕ್ರೀಮ್ (10% ಕೊಬ್ಬಿನದು, ಅಗ್ಗ ಅಂತ). ಎಲ್ಲ ಒಂದೇ ಬಾಣಲೆಯಲ್ಲಿ. ಎಲ್ಲಿ ತಪ್ಪಿದೆ?

ಸ್ಟುಟ್‌ಗಾರ್ಟ್‌ನಿಂದ

ಗುಲಾಶ್ ಮಾಂಸ ಕೆಟ್ಟದ್ದಲ್ಲ, ಅದರ ಕೆಲಸ ಬೇರೆ. ಅದು ಹೆಗಲು, ಕಾಲಿನ ಕಡೆಯ ಮಾಂಸ. ಅಲ್ಲಿ ನಾರು ಜಾಸ್ತಿ, ಕರಗಿ ಮೆತ್ತಗಾಗಲು ಸಣ್ಣ ಉರಿಯಲ್ಲಿ ಎರಡು ಗಂಟೆಯಾದರೂ ಬೇಕು. ನೀವು ಹತ್ತು ನಿಮಿಷ ಬೇಯಿಸಿದ್ದೀರಿ ಅನಿಸುತ್ತದೆ, ಅದು ಎರಡಕ್ಕೂ ಸಲ್ಲದ ಹೊತ್ತು. ಒಂದೋ ಒಂದು ನಿಮಿಷ, ಇಲ್ಲಾ ಎರಡು ಗಂಟೆ. ನಡುವೆ ಏನೂ ಇಲ್ಲ.

ಒಂದು ನಿಮಿಷದ ಅಡುಗೆಗೆ ಫಿಲೆ (ಬೆನ್ನಿನ ಒಳಭಾಗದ ತೀರಾ ಮೆತ್ತನೆಯ ಮಾಂಸ) ತರಬೇಕು, ಆದರೆ ಅದರ ಬೆಲೆ ನೋಡಿದರೆ ಓದುವ ಹುಡುಗರಿಗೆ ಎದೆ ಝಲ್ ಅನ್ನುತ್ತದೆ. ಅಂಗಡಿಯಲ್ಲಿ ಹ್ಯುಫ್ಟೆ ಕೇಳಿ, ಸೊಂಟದ ಭಾಗ, ಫಿಲೆಗಿಂತ ಅಗ್ಗ, ಕೆಲಸಕ್ಕೆ ಸಾಕು. ನಾಲ್ಕು ಜನಕ್ಕೆ 600 ಗ್ರಾಂ. ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ, ಗಟ್ಟಿಯಾದ ಮಾಂಸ ಚಾಕುವಿಗೆ ಚೆನ್ನಾಗಿ ಸಿಗುತ್ತದೆ. ಎಳೆ ಯಾವ ಕಡೆ ಓಡುತ್ತದೆ ನೋಡಿ ಅದಕ್ಕೆ ಅಡ್ಡಲಾಗಿ ತೆಳ್ಳಗೆ ಕತ್ತರಿಸಿ, ಉದ್ದಕ್ಕೆ ಕತ್ತರಿಸಿದರೆ ಫಿಲೆ ಕೂಡ ಜಗಿಯುವಂತೆಯೇ ಇರುತ್ತದೆ. ಪೇಪರ್‌ನಲ್ಲಿ ತೇವ ಒರೆಸಿ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಒಂದೊಂದು ಹಿಡಿ ಹಾಕಿ, ಬಣ್ಣ ಬಂದ ತಕ್ಷಣ ತಟ್ಟೆಗೆ ತೆಗೆಯಿರಿ. ಒಳಗೆ ಇನ್ನೂ ಕೆಂಪಿದ್ದರೂ ಪರವಾಗಿಲ್ಲ, ಕೊನೆಗೆ ಸಾಸಿಗೆ ಬಿದ್ದಾಗ ಉಳಿದದ್ದು ಬೇಯುತ್ತದೆ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೂದಿ ಬಣ್ಣಕ್ಕೆ ಬೇಯುತ್ತದೆ, ನಿಮಗಾದದ್ದು ಅದೇ ಇರಬೇಕು.

ಬೆಂಗಳೂರಿನಿಂದ

ಅಣಬೆ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ. ಬೇರೆ ಹುರಿಯಿರಿ, ಬಿಟ್ಟ ನೀರು ಪೂರ್ತಿ ಆರಿ ಅಂಚು ಕಂದು ಬಣ್ಣಕ್ಕೆ ತಿರುಗಲಿ, ಆಮೇಲೆ ಬೆಣ್ಣೆ, ಉಪ್ಪು. ಇದನ್ನು ಬಿಟ್ಟರೆ ಸಾಸ್ ತಿಳಿಸಾರಿನ ಹಾಗೆ.

ಇಲ್ಲಿಯವರಿಗೆ ಒಂದು ಮಾತು. ನಮ್ಮ ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕಾನೂನು ಪ್ರಕಾರ ಸಿಗುವುದು 13 ವರ್ಷ ದಾಟಿದ ಎಮ್ಮೆ, ಕೋಣದ ಮಾಂಸ. ಒಂದು ನಿಮಿಷದ ಆಟ ಅದರ ಹತ್ತಿರ ನಡೆಯಲ್ಲ. ಅಂಡರ್‌ಕಟ್ (ಫಿಲೆಗೆ ಇಲ್ಲಿನ ಹೆಸರು) ಸಿಕ್ಕರೂ ನಾನು ನಂಬುವುದಿಲ್ಲ. ಈರುಳ್ಳಿ, ಕಾಳುಮೆಣಸು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಆ ರಸವನ್ನೇ ಸಾಸಿಗೆ ಬಳಸುತ್ತೇನೆ. ಸಾವರ್ ಕ್ರೀಮ್ ಬದಲು ಅಮೂಲ್ ಫ್ರೆಶ್ ಕ್ರೀಮ್, ಜೊತೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಎರಡು ಚಮಚ. ಸ್ಟ್ರೊಗನಾಫ್ ಅಲ್ಲ ಅಂತ ಯಾರಾದರೂ ಅಂದರೆ ಅನ್ನಲಿ.

ಹುಬ್ಬಳ್ಳಿಯಿಂದ

ರಷ್ಯಾದಲ್ಲಿ ಆರು ವರ್ಷ ಮೆಡಿಕಲ್ ಓದಿದವಳು ನಾನು, ಹಾಸ್ಟೆಲ್ ಪಕ್ಕದ ಕ್ಯಾಂಟೀನಿನಲ್ಲಿ ಇದನ್ನು ತಿಂದದ್ದಕ್ಕೆ ಲೆಕ್ಕವಿಲ್ಲ. ಸಾಸ್ ಒಡೆದದ್ದಕ್ಕೆ ಕಾರಣ ನಿಮ್ಮ 10% ಡಬ್ಬಿ. ಹುಳಿ ಇದ್ದು ಕೊಬ್ಬು ಕಡಿಮೆ ಇದ್ದರೆ, ಕುದಿ ಬಂದಾಗ ಹಾಲಿನ ಪ್ರೋಟೀನ್ ಗಂಟು ಕಟ್ಟುತ್ತದೆ. ರಷ್ಯಾದಲ್ಲಿ ಹಾಕುವ ಹುಳಿ ಕೆನೆ, ಸ್ಮೆತಾನಾದಲ್ಲಿ ಸಾಮಾನ್ಯವಾಗಿ 20% ಕೊಬ್ಬು ಇರುತ್ತದೆ. ಜರ್ಮನಿಯಲ್ಲಿ ಶ್ಮಾಂಡ್ ಅನ್ನುವ ಗಟ್ಟಿ ಹುಳಿ ಕೆನೆ ಸಿಗುತ್ತದೆ, 24% ಇರುವುದು ನೋಡಿ ತನ್ನಿ, 200 ಗ್ರಾಂ ಸಾಕು.

ಇನ್ನೊಂದು, ಮಜ್ಜಿಗೆ ಹುಳಿಗೆ ಕಡಲೆಬೇಳೆ ರುಬ್ಬಿ ಹಾಕುವುದು ಯಾಕೆ ಹೇಳಿ? ರುಚಿ, ಗಟ್ಟಿ ಎಲ್ಲ ಸರಿ, ಮೊಸರು ಒಡೆಯಬಾರದು ಅಂತಲೂ ಹೌದು. ಇಲ್ಲಿ ಅದೇ ಕೆಲಸ ಒಂದು ಚಮಚ ಮೈದಾ ಮಾಡುತ್ತದೆ. ಈರುಳ್ಳಿ ಹುರಿದ ಬೆಣ್ಣೆಗೆ ಮೈದಾ ಹಾಕಿ ಹಸಿವಾಸನೆ ಹೋಗುವಷ್ಟು ಹುರಿದು, ಒಂದು ಲೋಟ ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ರಸ), ಒಂದು ಚಮಚ ಸಾಸಿವೆ ಪೇಸ್ಟ್. ಕುದಿದು ಗಟ್ಟಿಯಾದ ಮೇಲೆ ಉರಿ ತೀರಾ ಸಣ್ಣ ಮಾಡಿ. ಶ್ಮಾಂಡ್‌ಗೆ ಮೊದಲು ಎರಡು ಸೌಟು ಬಿಸಿ ಸಾಸ್ ಬೆರೆಸಿ, ಆಮೇಲೆ ಅದನ್ನು ಬಾಣಲೆಗೆ ಹಾಕಿ. ಇನ್ನು ಕುದಿಸಬೇಡಿ. ಮಾಂಸ, ಅಣಬೆ ಸೇರಿಸಿ ಬಿಸಿಯಾದರೆ ಮುಗಿಯಿತು.

ಮೈದಾ ನನ್ನ ಕಂಡುಹಿಡಿತ ಅಲ್ಲ. 1871ರಲ್ಲಿ ರಷ್ಯಾದ ಮೊಲೊಖೊವೆತ್ಸ್ ಅನ್ನುವ ಹೆಣ್ಣುಮಗಳು ತನ್ನ ಅಡುಗೆ ಪುಸ್ತಕದಲ್ಲಿ ಇದನ್ನು ಬರೆದಾಗಲೂ ಮೈದಾ, ಸಾಸಿವೆ, ಸ್ಮೆತಾನಾ ಇದ್ದವು. ಅಣಬೆ, ಈರುಳ್ಳಿಯೇ ಇರಲಿಲ್ಲ! ಹಾಗಾಗಿ ಅಣಬೆ ಕಡಿಮೆಯಾದರೆ ಚಿಂತೆ ಬೇಡ.

ಮತ್ತೆ ಸ್ಟುಟ್‌ಗಾರ್ಟ್‌ನಿಂದ

ಸಾಸಿವೆ ಪೇಸ್ಟ್ ಅಂದರೆ ಡಿಜೋನ್ ತರಹದ ಖಾರದ್ದು, ಸಿಹಿ ಸಾಸಿವೆ ತರಬೇಡಿ. ಒಮ್ಮೆ ನಾನೇ ತಂದು ಎಲ್ಲ ಎಸೆಯಬೇಕಾಯಿತು. ಜೊತೆಗೆ ನೂಡಲ್ಸ್ ಮಾಡಿ.

ಹುಬ್ಬಳ್ಳಿಯಿಂದ

ನೂಡಲ್ಸ್ ಅಮೆರಿಕದವರ ಅಭ್ಯಾಸ. ಕಡ್ಡಿಯಂತೆ ಸಣ್ಣಗೆ ಕರಿದ ಆಲೂಗಡ್ಡೆಯೇ ಇದಕ್ಕೆ ಸರಿ. ಆಗದಿದ್ದರೆ ಅನ್ನ.

ಡಾರ್ಟ್‌ಮುಂಡ್‌ನಿಂದ, ಭಾನುವಾರ

ಅನ್ನದ ಜೊತೆಗೇ ಬಡಿಸಿದೆ. ಹ್ಯುಫ್ಟೆ ಮೂರು ಸಲಕ್ಕೆ ಹುರಿದೆ, ಹೊಗೆಗೆ ಅಲಾರಾಂ ಹೊಡೆದುಕೊಂಡು ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು, ಅವರಿಗೂ ಒಂದು ತಟ್ಟೆ ಹೋಯಿತು. ಸಾಸ್ ಒಡೆಯಲಿಲ್ಲ. ಮಾಂಸ ಬೆಣ್ಣೆಯ ಹಾಗೆ ಅಂತ ಸುಳ್ಳು ಹೇಳಲ್ಲ, ಎರಡನೇ ಸಲ ಹಾಕಿದ ಹಿಡಿ ಸ್ವಲ್ಪ ಜಾಸ್ತಿ ಬೆಂದಿತ್ತು, ಆದರೆ ಯಾರೂ ತಟ್ಟೆಯಲ್ಲಿ ಬಿಡಲಿಲ್ಲ. ಉಳಿದ ಒಂದು ಬಟ್ಟಲನ್ನು ಇವತ್ತು ಮೈಕ್ರೋವೇವ್‌ನಲ್ಲಿ ಮೂರು ನಿಮಿಷ ಇಟ್ಟೆ. ಒಡೆಯಿತು.

ಬೆಂಗಳೂರಿನಿಂದ

ಕುದಿಸಬೇಡಿ ಅಂದಿದ್ದರಲ್ವಾ! ಮೈಕ್ರೋವೇವ್‌ಗೂ ಅದೇ ಮಾತು. ಮುಂದಿನ ಸಲ ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಇವತ್ತಿನದನ್ನು ಬ್ರೆಡ್ಡಿಗೆ ಹಚ್ಚಿ ತಿನ್ನಿ, ರುಚಿಗೇನೂ ಆಗಿರಲ್ಲ.